ಅಡುಗೆಮನೆಯ ಅಂದ ಮತ್ತು ಜೀವದಯೆ

ಜಮಖಂಡಿ ತಾಲ್ಲೂಕಿನ ತುಬಚಿಯ ಶ್ರಾವಕರ ಮನೆಯೊಂದರಲ್ಲಿ ಹೊಸ ಅಡುಗೆಮನೆ ಸಿದ್ಧವಾಗುತ್ತಿತ್ತು. ಮಗನು ಕಪ್ಪು ಗ್ರಾನೈಟಿನ ತುಣುಕು, ಕೆತ್ತನೆಯ ಹಿತ್ತಾಳೆ ಹಿಡಿಕೆ, ಪ್ರಖರವಾದ ಬಿಳಿ ದೀಪಗಳನ್ನು ತಂದು ತೋರಿಸಿದನು. ತಾಯಿ ಕೇಳಿದ್ದು ಒಂದೇ ಮಾತು: “ಈ ಕಲ್ಲಿನ ಮ್ಯಾಲ ಇರುವಿ ಕಾಣತಾವೇನಪಾ?”

ಕಣ್ಣಿಗೆ ಕಾಣದ ಜೀವವನ್ನು ಕಾಯುವುದೆಂತು? ಕಪ್ಪು ಹಾಸಿನಲ್ಲಿ ಮರೆಯಾಗುವ ಕರಿಯಿರುವೆ ತಿಳಿಬಣ್ಣದ ಕಲ್ಲಿನ ಮೇಲೆ ಎದ್ದು ಕಾಣುತ್ತದೆ. ಕೆತ್ತನೆಯ ಸಂದುಗಳಲ್ಲಿ ಹಿಟ್ಟು, ಜಿಡ್ಡು ನಿಂತು ಹುಳಗಳನ್ನು ಕರೆಯುತ್ತವೆ. ನುಣುಪಾದ ಹಿಡಿಕೆಯನ್ನು ಒದ್ದೆ ಬಟ್ಟೆಯೊಂದೇ ಶುಚಿಗೊಳಿಸುತ್ತದೆ. ನಳದ ಬಾಯಿ ನೀರು ಸೋಸುವ ಬಟ್ಟೆಯನ್ನು ಕಟ್ಟಲು ಬರುವಂತಿರಬೇಕು. 6500 ಕೆಲ್ವಿನ್ನಿನ ನೀಲಿಬಿಳಿ ಎಲ್‌ಇಡಿಗಿಂತ 2700 ಕೆಲ್ವಿನ್ನಿನ ಹಳದಿ ಬೆಳಕಿಗೆ ಕೀಟಗಳು ಸಾಮಾನ್ಯವಾಗಿ ಕಡಿಮೆ ಬರುತ್ತವೆ. ಕಬ್ಬಿನ ಸೀಮೆಯ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಎಂತಹ ದೀಪವೂ ಸೂರ್ಯನಿಗೆ ಸಮನಾಗದು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮುಂಚೆಯೇ ಊಟ ಮುಗಿಸುವವರಿಗೆ ದುಬಾರಿ ದೀಪಗಳ ಸಾಲಿಗಿಂತ ಪಡುವಣ ಗೋಡೆಯ ಜಾಲರಿ ಕಿಟಕಿಯೇ ಹೆಚ್ಚು ಉಪಕಾರಿ. ಬೆಳಕು ಹೆಚ್ಚಿತೆಂದು ಊಟದ ಹೊತ್ತು ಇರುಳಿಗೆ ಸರಿದರೆ, ಹಣದೊಡನೆ ನಿಯಮವೂ ಕಳೆದಂತೆ. ಮಗನು ಕಲ್ಲನ್ನು ಬದಲಿಸಲು ಒಪ್ಪಿದನು. ದೀಪದ ಮಾತು ಆ ಮನೆಯಲ್ಲಿ ಇನ್ನೂ ನಡೆದಿದೆ. ಕೊಳ್ಳುವ ಮುನ್ನ ಇಷ್ಟು ವಿಚಾರಿಸುವುದೂ ಅಪರಿಗ್ರಹದ ಅಭ್ಯಾಸವೇ.