ಒತ್ತಡ ಏರಿಸಿದರೆ ಢಮಾರ್ ಅನ್ನಲೇಬೇಕಾ?

ಸಿರಿಲ್ ಹಿನ್ಶೆಲ್‌ವುಡ್ ಬಗ್ಗೆ ಈಗಷ್ಟೇ ಓದಿದೆ, ತಲೆಯಿಂದ ಹೋಗ್ತಾನೇ ಇಲ್ಲ. ಆಕ್ಸ್‌ಫರ್ಡ್‌ನ ಕೆಮಿಸ್ಟ್ರಿ ಪ್ರೊಫೆಸರ್. ಮೊದಲ ಮಹಾಯುದ್ಧದಲ್ಲಿ ಸ್ಫೋಟಕಗಳ ಕಾರ್ಖಾನೆಯಲ್ಲಿ ಕೆಲಸ, ಆಮೇಲೆ ವರ್ಷಗಟ್ಟಲೆ ಅನಿಲಗಳು ಹೇಗೆ ಹೊತ್ಕೊಳ್ತವೆ ಅನ್ನೋದರದ್ದೇ ಧ್ಯಾನ. ಹೈಡ್ರೋಜನ್-ಆಕ್ಸಿಜನ್ ಮಿಶ್ರಣವನ್ನ ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಒತ್ತಡ ಏರಿಸ್ತಾ ಹೋದ್ರೆ ಒಂದು ಹಂತದಲ್ಲಿ ಢಮಾರ್. ಇನ್ನೂ ಏರಿಸಿದ್ರೆ? ಸ್ಫೋಟವೇ ಇಲ್ಲ! ಅಣುಗಳ ನೂಕುನುಗ್ಗಲಲ್ಲಿ, ಸರಪಳಿ ಕ್ರಿಯೆ ಮುಂದುವರಿಸಬೇಕಾದ ಚುರುಕು ಕಣಗಳೇ ಮಂಕಾಗಿಬಿಡ್ತವೆ. (ಅದಕ್ಕೂ ಮೇಲೆ ಏರಿಸಿದ್ರೆ ಮತ್ತೆ ಢಮಾರ್, ಅದು ಬೇರೆ ಕತೆ.) 1956ರಲ್ಲಿ ಸೋವಿಯತ್ ವಿಜ್ಞಾನಿ ಸೆಮ್ಯೊನೊವ್ ಜೊತೆ ನೊಬೆಲ್. ಸಾಲದ್ದಕ್ಕೆ ರಾಯಲ್ ಸೊಸೈಟಿಗೂ ಅಧ್ಯಕ್ಷರು, ಗ್ರೀಕ್-ಲ್ಯಾಟಿನ್ ಪ್ರಿಯರ ಕ್ಲಾಸಿಕಲ್ ಅಸೋಸಿಯೇಷನ್‌ಗೂ ಅಧ್ಯಕ್ಷರು! ನನಗಂತೂ ನೊಬೆಲ್‌ಗಿಂತ ಇದೇ ಹೊಟ್ಟೆಕಿಚ್ಚು. ವಿಜ್ಞಾನ, ಸಾಹಿತ್ಯ ಎರಡರಲ್ಲೂ ಹೀಗೆ ಮುಳುಗಿದ್ದ ಮೇಷ್ಟ್ರು ನಿಮಗ್ಯಾರಿಗಾದ್ರೂ ಸಿಕ್ಕಿದ್ರಾ?