ಗಣಿಯೂರಿನ ಗೋಡೆಯ ಮೇಲೊಂದು ಸಮುದ್ರ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ನೀವು ಎಂದಾದರೂ ಕೂತಿದ್ದೀರಾ? 1894ರಲ್ಲಿ ಚಿನ್ನದ ಗಣಿಗಾಗಿ ಹಾಕಿದ ದಾರಿ, ಒಟ್ಟು 16 ಕಿಲೋಮೀಟರ್ ಅಷ್ಟೆ. ನಾದಿನಿಯ ಮಗಳ ಮದುವೆಯ ರವಿಕೆಗಳನ್ನು ಚಾಂಪಿಯನ್ ರೀಫ್ಸ್‌ನ ಒಬ್ಬಾಕೆಗೆ ಹೊಲಿಯಲು ಕೊಟ್ಟಿದ್ದೆವು. ಅವನ್ನು ತರಲೆಂದು ನಾನೂ ನಾದಿನಿಯೂ ಹೊರಟೆವು. ದಾರಿಯಲ್ಲಿ ಕೋರಮಂಡಲ್ ಅಂತ ಒಂದು ಸ್ಟೇಷನ್. ಬಂಗಾಳ ಕೊಲ್ಲಿಯ ಕರಾವಳಿಯ ಹೆಸರು ಈ ಬಂಡೆಗಳ ಸೀಮೆಗೆ ಹೇಗೆ ಬಂತಪ್ಪಾ ಅಂದುಕೊಂಡೆ. ಹಳೆಯದೊಂದು ಗಣಿಯ ಹೆಸರಂತೆ.

ಇಳಿದು ನಡೆದರೆ ಕಣ್ಣಿಗೆ ಬೀಳುವುದು ಸೈನೈಡ್ ದಿಬ್ಬಗಳು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿ. ದೂರಕ್ಕೆ ಕಡಲ ಮರಳಿನ ಹಾಗೇ ಕಾಣುತ್ತೆ. ಗಾಳಿ ಬೀಸಿತೋ, ಸೆರಗು ಮೂಗಿಗೆ ಬರಬೇಕು.

ಆಕೆಯ ಲೈನ್ ಮನೆಯಲ್ಲಿ ಹೊಲಿಗೆ ಮಿಷನ್ನಿನ ಮೇಲ್ಗಡೆ ಒಂದು ಪಟ. ವೇಳಾಂಕಣ್ಣಿಯ ಆರೋಗ್ಯಮಾತೆ. ಜರಿ ಸೀರೆ, ಕಿರೀಟ, ತೋಳಲ್ಲಿ ಮಗು. ಹಿಂದೆ ಸಮುದ್ರ, ಅಲೆಗಳ ನಡುವೆ ವಾಲಿದ ಪುಟ್ಟ ಹಡಗು. ನಾನು ಸೀರೆಯನ್ನೇ ನೋಡುತ್ತಾ ಕೂತೆ. ನಮ್ಮ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಅಲ್ಲವೇ?

“ತಾಯಿ ಮಗು ಎಷ್ಟು ನೆಮ್ಮದಿಯಾಗಿದ್ದಾರೆ!” ಅಂದೆ.

“ಅಮ್ಮನ್ನ ಆಮೇಲೆ ನೋಡಮ್ಮಾ, ಮೊದಲು ಹಡಗು ನೋಡು” ಅಂದರು, ಮೂಲೆಯಲ್ಲಿ ಕೂತಿದ್ದ ಆಕೆಯ ಅತ್ತೆ.

ಬಿರುಗಾಳಿಗೆ ಸಿಕ್ಕಿದ ಪೋರ್ಚುಗೀಸ್ ನಾವಿಕರು ಮಾತೆಗೆ ಹರಕೆ ಹೊತ್ತು, ನಾಗಪಟ್ಟಿಣಂ ಹತ್ತಿರದ ವೇಳಾಂಕಣ್ಣಿಯಲ್ಲಿ ದಡ ಮುಟ್ಟಿ, ಅಲ್ಲೇ ಗುಡಿ ಕಟ್ಟಿಸಿದರಂತೆ. ಸೆಪ್ಟೆಂಬರ್ 8 ಅಲ್ಲಿಯ ದೊಡ್ಡ ಹಬ್ಬ.

“ನಮಗೆ ಕಡಲೆಲ್ಲಿ ಬಂತು? ನಮ್ಮೋರು ಕೇಜಿನಲ್ಲಿ ಕೂತು ಕೆಳಗೆ ಇಳೀತಿದ್ರಲ್ಲ, ಅದೇ ನಮ್ಮ ಹಡಗು.”

ಚಾಂಪಿಯನ್ ರೀಫ್ಸ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುತ್ತಿತ್ತು. ಮೇಲೆ ಅಡಿಗೆಮನೆಯ ಪಾತ್ರೆಗಳು ಅದುರಿದರೆ ಸಾಕು, ಒಲೆ ಮೇಲಿನ ಅನ್ನವನ್ನೂ ಇಳಿಸದೆ, ಮಗುವನ್ನು ಸೊಂಟಕ್ಕೇರಿಸಿಕೊಂಡು ಶಾಫ್ಟಿನ ಬಳಿಗೆ ಓಡುತ್ತಿದ್ದರಂತೆ. ಪಟವನ್ನು ಇನ್ನೊಮ್ಮೆ ನೋಡಿದೆ. ಮಗುವನ್ನೆತ್ತಿ ದಡದಲ್ಲಿ ನಿಂತ ಆ ತಾಯಿ ಯಾರಿಗೋ ಕಾಯುತ್ತಿದ್ದಾಳೆ ಅನ್ನಿಸಿತು.

“ನಿಮ್ಮ ಯಜಮಾನರು?” ಅಂತ ಅಳುಕುತ್ತಲೇ ಕೇಳಿದೆ.

“ಬಂದ್ರು. ಮೂವತ್ತು ವರ್ಷ ದಿನಾ ಬಂದ್ರು. ಪಕ್ಕದ ಮನೆಯೋರು ಒಂದಿನ ಬರಲಿಲ್ಲ. ಅವರ ಗೋಡೇಲೂ ಇದೇ ಪಟ ಇತ್ತಮ್ಮಾ.”

ನನಗೆ ಮಾತೇ ಹೊರಡಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಇಲ್ಲಿಯ ಎಷ್ಟೋ ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಈ ಮನೆಯ ಮಗನೂ ಹಾಗೆಯೇ. ಅವನು ಬಂದು ಚಪ್ಪಲಿ ಬಿಡುವವರೆಗೆ ಅಜ್ಜಿ ಪಟದ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಲೇ ಇರುತ್ತಾರೆ ಅಂತ ಸೊಸೆ ನಕ್ಕಳು.

ಅಂದಹಾಗೆ, ಎರಡು ರವಿಕೆಯ ತೋಳು ಬಿಗಿಯಾಗಿತ್ತು. ಮುಂದಿನ ವಾರ ಮತ್ತೆ ಹೋಗಬೇಕು.