ಆಯಿಯ ಬ್ಯಾಳಿ, ಅಮೆರಿಕದ ಅಕ್ರೋಟು

ನಮ್ಮ ಕಿಣ್ಣಿ ಸುಲ್ತಾನದಾಗ ಮಿರ್ಗದ ಮಳೆ ಕಾಯೋ ದಿನ ಅಂದರೆ ಮಾತಿಗೆ ಸುಗ್ಗಿ. ಹೊಲ ಹರಗಿ ಆಗಿರ್ತದ, ಬಿತ್ತಬೇಕಂದ್ರ ಹಸಿ ಇರೋದಿಲ್ಲ, ಗಂಡಸರಿಗೆ ಕಟ್ಟಿ ಬಿಟ್ಟರೆ ಬೇರೆ ದಿಕ್ಕಿಲ್ಲ. 2019ರ ಜೂನ್ ಇರಬೇಕು. ಕಟ್ಟಿ ಮ್ಯಾಲೆ ಯಾರ್ಯಾರಿದ್ದರು ಅಂತ ಈಗ ಕೇಳಿದರೆ ತಡವರಿಸ್ತೀನಿ. ಮುತ್ಯಾ ಇದ್ದ, ಅದಂತೂ ಖರೆ. ಪೇಪರನ್ನ ಹಿಂದಿನ ಪುಟದಿಂದ ಓದೋ ಮನುಷ್ಯ. ಮೊದಲು ಧಾರಣಿ, ಆಮೇಲೆ ತೀರಿಕೊಂಡವರು, ಕಡೀಗೆ ಸರ್ಕಾರ.

ಸರ್ಕಾರದ ತನಕ ಬರೋದ್ರಾಗ ಬಸಿಯಾಗಿನ ಚಹಾ ಆರಿತ್ತು. ಹಿಂದಿನ ವರ್ಷ ಅಮೆರಿಕದವರು ಹೊರಗಿನ ಉಕ್ಕಿಗೆ ಶೇ 25, ಅಲ್ಯುಮಿನಿಯಂಗೆ ಶೇ 10 ಸುಂಕ ಜಡಿದಿದ್ದರಲ್ಲ, ಅದರ ಸೇಡಿಗೆ ನಮ್ಮವರು ಅವರ 28 ಸಾಮಾನಿನ ಮೇಲೆ ಸುಂಕ ಏರಿಸಿದ್ದರು. ಬದಾಮಿ, ಸೇಬು, ಕಡ್ಲಿ, ಮಸೂರಿ ಎಲ್ಲ ಅದರಾಗ. ಅಕ್ರೋಟಿಗೆ ಶೇ 30 ಇದ್ದದ್ದು 120. "ಭಲೆ!" ಅಂದ ಒಬ್ಬ. ಅಕ್ರೋಟು ತಿಂದವರು ಆ ಕಟ್ಟಿ ಮ್ಯಾಲೆ ಯಾರೂ ಇರಲಿಲ್ಲ.

ಕಂಬಕ್ಕ ಆತು ನಿಂತಿದ್ದ ಆಯಿ ಸಂಚಿ ಬಿಚ್ಚಿ ಎಲಿಗೆ ಸುಣ್ಣ ಹಚ್ಚುತ್ತಾ ಕೇಳಿದಳು, "ತೊಗರಿ ಅದನ ಅದರಾಗ?"

"ಇಲ್ಲಬೇ."

"ಹಂಗಾದ್ರ ಮುಂದಿಂದು ಓದು."

ಆಯಿಗೆ ಸಣ್ಣ ತುಂಡು ಹೊಲ, ಉಳಿದ ದಿನ ಕೂಲಿ. ಅವಳ ಪುಂಡಿಪಲ್ಯದ ರುಚಿ ಇನ್ನೂ ನಾಲಿಗಿ ಮ್ಯಾಲೆ ಅದ. ತೊಗರಿಬ್ಯಾಳಿ ಅಗ್ಗ ಇದ್ದಾಗ ಗಟ್ಟಿ, ತುಟ್ಟಿಯಾದಾಗ ಜ್ವಾಳದ ನುಚ್ಚೇ ಹೆಚ್ಚು. ಪೇಟಿ ಧಾರಣಿ ನೋಡಬೇಕಂದ್ರ ಅವಳ ಗಡಿಗಿ ನೋಡಿದರೆ ಸಾಕಿತ್ತು. 2015ರಾಗ ಬ್ಯಾಳಿ ಕಿಲೋಕ್ಕ 200ರ ಹತ್ತಿರ ಹೋದಾಗ ಬರೀ ನುಚ್ಚು. ಮರುವರ್ಷ ಮಳಿ ಚಲೋ ಆಯ್ತು, ಆಸೆಗೆ ಬಿದ್ದು ಎಲ್ಲರೂ ತೊಗರಿನೇ ಬಿತ್ತಿದರು. ರಾಶಿ ಹೊತ್ತಿಗೆ ಧಾರಣಿ ಕುಸಿದು ಕುಂತಿತು. ಬೆಂಬಲ ಬೆಲೆ, ಬೋನಸ್ಸು ಕೂಡಿ ಕ್ವಿಂಟಲಿಗೆ 5,050. ಪೇಟಿಯಾಗ ಅದಕ್ಕಿಂತ ಕಮ್ಮಿ. ಖರೀದಿ ಕೇಂದ್ರದ ಮುಂದ ಟ್ರ್ಯಾಕ್ಟರ್ ಸಾಲು. ಆಯಿಗೆ ಸಾಲಿನಾಗ ನಿಲ್ಲೋ ಪುರಸತ್ತಿಲ್ಲ, ಸಾಲ ಕೊಟ್ಟವನು ಅಂಗಳದಾಗೇ ನಿಂತಿದ್ದ. ಬಂದಷ್ಟಕ್ಕೆ ಕೊಟ್ಟಳು. ಆಮೇಲೆ 2017ರ ಮಾರ್ಚಿನಾಗ ಹೊರಗಿನ ತೊಗರಿಗೆ ಶೇ 10 ಸುಂಕ ಹಾಕಿದರು. ಅಷ್ಟೊತ್ತಿಗೆ ಅವಳ ಕಾಳು ಮನಿ ಬಿಟ್ಟು ಹೋಗಿತ್ತು.

ಬದಾಮಿ ಮಾತಿಗೆ ಬರ್ತೀನಿ. ಪಕ್ಕದ ಮನಿ ಖಾಲಾ ರಮ್ಜಾನಿನ ಶೀರ್ ಖುರ್ಮಾಕ್ಕ ಕಿರಾಣಿಯಿಂದ ಮುಷ್ಟಿ ಬದಾಮಿ ತಂದು, ನೆನೆಹಾಕಿ, ಕೂದಲೆಳಿಯಷ್ಟು ಸಣ್ಣಗೆ ಸೀಳೋಳು. ಎಲ್ಲರ ಬಟ್ಟಲಿಗೂ ಬರಬೇಕಲ್ಲ! ಆ ಜೂನ್ ಹೊತ್ತಿಗೆ ಹಬ್ಬ ಆಗಿಹೋಗಿತ್ತು. "ಮುಂದಿನ ವರ್ಷ ಶೇಂಗಾ ಸೀಳ್ತೀನಿ" ಅಂತ ನಕ್ಕಳು. ಸೀಳಿದಳೋ ಇಲ್ಲೋ, ನಾ ಊರಾಗ ಇರಲಿಲ್ಲ.

ದೊಡ್ಡ ದೇಶಗಳ ಜಗಳದಾಗ ನಮ್ಮೂರಿಗೆ ಬಂದ ಪಾಲು ಹೆಚ್ಚುಕಮ್ಮಿ ಆ ಮುಷ್ಟಿ ಬದಾಮಿ. ಬಡವರ ಗಡಿಗಿಗೆ ಕೈ ಹಾಕೋದು ತೊಗರಿ ಸುಂಕ. ಅದನ್ನ ಏರಿಸಿದರೆ ಒಕ್ಕಲಿಗ ಉಳೀತಾನ, ಇಳಿಸಿದರೆ ಕೂಲಿಯವಳು ಉಳೀತಾಳ ಅಂತ ಪೇಪರಿನವರು ಬರೀತಾರ. ನಮ್ಮ ಕಡೆ ಆ ಇಬ್ಬರೂ ಒಂದೇ ಸೀರೆ ಉಟ್ಟಿರ್ತಾರ. ಬನದ ಹುಣ್ಣಿವಿ ಆಜುಬಾಜು ಕಾಳು ಮಾರೋಳೂ ಅವಳೇ, ಶ್ರಾವಣದಾಗ ಪಾವು ಬ್ಯಾಳಿ ಕೊಳ್ಳೋಳೂ ಅವಳೇ.

2021ರ ಮೇ ತಿಂಗಳಿಂದ ತೊಗರಿ ಆಮದಿನ ಮೇಲಿದ್ದ ಮಿತಿ ತೆಗೆದರು. ಬರ್ಮಾದಿಂದ, ಆಫ್ರಿಕದಿಂದ ಕಾಳು ಬಂತು. ಆದರೂ ಮುಂದಿನ ವರ್ಷ ಕಲಬುರಗಿ ಸೀಮಿಯ ತೊಗರಿಗೆ ನೆಟೆ ರೋಗ ಬಿದ್ದು, ಗಿಡ ನಿಂತಲ್ಲೇ ಒಣಗಿದವು. 2023ರಾಗ ಬ್ಯಾಳಿ ಮತ್ತ ತುಟ್ಟಿ. ಅದೇ ವರ್ಷ ಸೆಪ್ಟೆಂಬರಿನಾಗ ಅಮೆರಿಕದ ಅಕ್ರೋಟು, ಬದಾಮಿ, ಸೇಬು, ಕಡ್ಲಿ, ಮಸೂರಿ ಮೇಲಿನ ಸೇಡಿನ ಸುಂಕವನ್ನೂ ಸರ್ಕಾರ ಹಿಂದಕ್ಕೆ ತಗೊಂಡಿತು. ಆಯಿ ಹತ್ತಿರ ಆ ವರ್ಷ ಮಾರಲಿಕ್ಕೆ ತೊಗರಿ ಇರಲಿಲ್ಲ, ಬ್ಯಾಳಿ ಮಾತ್ರ ಕೊಳ್ಳಬೇಕಿತ್ತು.